ಬಟಾಟೆ ಹೊಕ್ಕ ಬಾಲ್ಕನಿ

ಒನ್ ಬಿಎಚ್‌ಕೆ ಮನೆಯಲ್ಲಿ ಹೆಂಗಸಿಗೆ ತನ್ನದು ಎನ್ನಲು ಇರುವುದು ಬಾಲ್ಕನಿಯೊಂದೇ. ಸಾನಪಾಡಾದ ಪ್ರಫುಲ್ಲಾಳಿಗೆ ಅದೂ ಇಲ್ಲದಂತಾಯಿತು. ದಸರೆ ಮುಗಿದದ್ದೇ ತಡ, ಗಂಡ ಜಯಶೀಲ ತಾನು ಅಡುಗೆಭಟ್ಟನಾಗಿರುವ ಹೋಟೆಲಿನಿಂದ ಎಣ್ಣೆಯ ಖಾಲಿ ಡಬ್ಬಗಳನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದ. ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ, ಮೊಳಕೆ ಬಂದ ಬಟಾಟೆ ನೆಟ್ಟು ಕೃಷಿಕ್ರಾಂತಿಯನ್ನು ಘೋಷಿಸಿದ. ಸಂಕ್ರಾಂತಿಗೆ ಕೊಯ್ಲು! ಗಿಡಕ್ಕೆ ನೆರಳಾಗುತ್ತದೆಂದು ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದ. ಒದ್ದೆ ಬಟ್ಟೆಗಳು ಹಾಲಿಗೆ ಬಂದವು. (ಟಿ.ವಿ.ಯ ಸುದ್ದಿಯನ್ನು ಲುಂಗಿಯ ಸಂದಿಯಿಂದ ನೋಡಬೇಕು.)

"ಇನ್ನು ಬಟ್ಟೆ ನನ್ನ ಮಂಡೆ ಮೇಲೆ ಒಣಗಿಸುವುದಾ?" ಎಂದು ಪ್ರಫುಲ್ಲಾ ರೇಗಿದಳು.

"ಸ್ವಲ್ಪ ಸುಧಾರಿಸು ಮಾರಾಯ್ತಿ. ಬಟಾಟೆ ಬರದಿದ್ದರೆ ಬಾಲ್ಕನಿ ನಿನಗೇ. ಮತ್ತೆ ನಾನು ಡಬ್ಬದ ಸುದ್ದಿಗೆ ಹೋಗುವುದಿಲ್ಲ."

ಡಿಸೆಂಬರಿನ ಒಂದು ದಿನ ಪ್ರಫುಲ್ಲಾ ಕುತೂಹಲ ತಡೆಯದೆ ಡಬ್ಬದ ಅಂಚಿನಿಂದ ಕೈ ತೂರಿಸಿದಳು. ನಿಂಬೆಹಣ್ಣಿನಷ್ಟು ಗಾತ್ರದ ಬಟಾಟೆಗಳು! ಅವಳಿಗೂ ಖುಷಿಯಾಯಿತು, ಸುಳ್ಳೇಕೆ? ಗುಟ್ಟಾಗಿ ಪಲ್ಯ ಮಾಡಿ, ಅವನು ಬಾಯಿಗಿಟ್ಟ ಮೇಲೆ ಹೇಳೋಣವೆಂದು ಕಾದಳು.

ಜಯಶೀಲ ಮುಖ ಕಿವುಚಿದ. "ಎಂಥದ್ದು ಇದು, ಮಣ್ಣು ತಿಂದ ಹಾಗೆ! ಇಪ್ಪತ್ತು ವರ್ಷ ಮಸಾಲೆದೋಸೆಗೆ ಬಟಾಟೆ ಬೇಯಿಸಿದವ ನಾನು. ಪೇಟೆಯ ಮಾಲು ಮೂಸಿದರೇ ಗೊತ್ತಾಗ್ತದೆ. ನಮ್ಮದು ಬರಲಿ, ಆಗ ನೋಡು ರುಚಿ!"

ಪ್ರಫುಲ್ಲಾಳ ಸಿಟ್ಟು ನೆತ್ತಿಗೇರಿತು. ತುಟಿಗೆ ಬಂದ ಮಾತನ್ನು ನುಂಗಿದಳು. ಅಂದಿನಿಂದ ಸಾಂಬಾರಿಗೆ, ಸಾಗುವಿಗೆ, ಪೋಡಿಗೆ ಎಲ್ಲದಕ್ಕೂ ಅವನದೇ ಬಟಾಟೆ. ಅವನು ಬೈದು ಬೈದು ತನ್ನ ಬೆಳೆಯನ್ನು ತಾನೇ ತಿಂದು ಮುಗಿಸಿದ. ಸಂಕ್ರಾಂತಿಯ ಹೊತ್ತಿಗೆ ಡಬ್ಬಗಳಲ್ಲಿ ಗಿಡವಿತ್ತು, ಗೆಡ್ಡೆಯಿರಲಿಲ್ಲ. ಬಾಲ್ಕನಿ ಕೈಗೆ ಬಂದಂತೆಯೇ ಎಂದು ಪ್ರಫುಲ್ಲಾ ಹೊಸ ಹಗ್ಗವನ್ನೂ ತಂದಿಟ್ಟಳು.

ಆದರೆ ಈ ಮಹಾರಾಯ ಕೊಯ್ಲು ನೋಡಲು ಅವಳ ಅಣ್ಣ ದೇವದಾಸನನ್ನೇ ಘಣಸೋಲಿಯಿಂದ ಕರೆಸಿದ. (ತಂಗಿಯ ಗಂಡನನ್ನು ಗೇಲಿ ಮಾಡುವುದು ಆತನ ರಜಾದಿನದ ಉದ್ಯೋಗ.) ಬೆಳಿಗ್ಗೆ ನೋಡಿದರೆ ಜಯಶೀಲ ಮಣ್ಣು ಅಗೆಯಲು ಇಸ್ತ್ರಿ ಶರ್ಟು ತೆಗೆದಿಟ್ಟು, ಭಜನೆ ಗುನುಗುತ್ತಾ ಸ್ನಾನಕ್ಕೆ ಹೊರಟಿದ್ದ. ಆ ಮುಖ ನೋಡಿ ಪ್ರಫುಲ್ಲಾಳ ಕರುಳು ಚುರುಕ್ಕೆಂದಿತು. ಬೈಯಲು ತಾನೊಬ್ಬಳಿದ್ದೇನೆ, ಸಾಲದೇ? ಅಣ್ಣನೆದುರು ಇವರು ಸಣ್ಣವರಾಗಬಾರದು. ಗಂಡ ಬಚ್ಚಲಿನಿಂದ ಬರುವಷ್ಟರಲ್ಲಿ ಕೆಳಗಿನ ಭಾಜಿವಾಲಾನ ಗಾಡಿಯಿಂದ ಬಟಾಟೆ ತಂದು ಡಬ್ಬಗಳಲ್ಲಿ ಹೂತು, ಏದುಸಿರು ಬಿಡುತ್ತಾ ಒಲೆಯ ಮುಂದೆ ನಿಂತಳು.

ಕೊಯ್ಲು ವಿಜೃಂಭಣೆಯಿಂದ ನಡೆಯಿತು. ಮಧ್ಯಾಹ್ನ ಪಲ್ಯ ಬಾಯಿಗಿಟ್ಟ ಜಯಶೀಲ ಕಣ್ಣು ಮುಚ್ಚಿದ.

"ಆಹಾ! ಇದು ಬಟಾಟೆ. ನೀನು ಇಷ್ಟು ದಿನ ತಂದದ್ದೂ ಒಂದು ಬಟಾಟೆಯಾ?"

ದೇವದಾಸ ತಂಗಿಯನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ. "ನಿಜ ಹೇಳು, ಭಾವ ಬಟಾಟೆ ಬೆಳೆಸಿದ್ದು ಹೌದಾ?"

"ದೇವರಾಣೆ ಅಣ್ಣ. ಒಂದು ತಿಂಗಳಿಂದ ನಾವು ತಿಂದದ್ದೇ ಇವರು ಬೆಳೆಸಿದ್ದು." (ಇವತ್ತಿನದನ್ನು ಬಿಟ್ಟು ಎಂದು ಮನಸ್ಸಿನಲ್ಲೇ ಸೇರಿಸಿ, ದೇವರಿಗೆ ಕೈಮುಗಿದಳು.)

ದೇವದಾಸ ಸೋತ. ಸೋತವನು ನೇರವಾಗಿ ಭಕ್ತನೇ ಆದ. ಭಾವಂದಿರಿಬ್ಬರೂ ಟೇಪು ಹಿಡಿದು ಬಾಲ್ಕನಿ ಅಳೆಯತೊಡಗಿದರು. ಇನ್ನೊಂದು ಸಾಲು ಡಬ್ಬ, ಗ್ರಿಲ್ಲಿಗೆ ಗೋಣಿಚೀಲ, ಬೇಸಿಗೆಗೆ ಬೆಂಡೆ!

"ಮತ್ತೆ ನನ್ನ ಬಟ್ಟೆ?" ಪ್ರಫುಲ್ಲಾ ಹೊಸ ಹಗ್ಗವನ್ನು ಹಿಡಿದುಕೊಂಡೇ ಬಂದಳು.

"ಅದಕ್ಕೆಂಥ ಮಂಡೆಬಿಸಿ?" ಅಣ್ಣ ಕರ್ಣನಂತೆ ಕೈ ಬೀಸಿದ. "ನಮ್ಮ ಬಾಲ್ಕನಿ ಖಾಲಿ ಉಂಟಲ್ಲ. ಬಕೆಟು ಹಿಡ್ಕೊಂಡು ಲೋಕಲ್ ಹತ್ತು. ಘಣಸೋಲಿಗೆ ಮೂರೇ ಸ್ಟೇಷನ್."