ಒಳಗಿನದು ಓ ಅನ್ನಬೇಕು

ಕೊಟ್ಟೂರಿನ ನನ್ನ ಸೋದರಮಾವನಿಗೆ ಹೊಸದು ಕಂಡರಾಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸ ಬೆಲ್ಲ ಆಗುತ್ತದೆ, ಹೊಸ ಧೋತರ ಆಗುತ್ತದೆ. ಹೊಸ ಸಾಫ್ಟ್‌ವೇರ್ ಒಂದು ಆಗದು, ಅಷ್ಟೇ!

ಮಾವನದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಅವರು ಗಿರಾಕಿಗಳ ಜೊತೆ, ಒಳಕೋಣೆಯಲ್ಲಿ ಅತ್ತೆ ಕಂಪ್ಯೂಟರ್ ಜೊತೆ. ಇವರು "ಏ, ಒಳಗದೀಯೇನು?" ಎನ್ನುವುದು, ಅವರು "ಓ" ಎನ್ನುವುದು. ಬೇರೆಲ್ಲಿ ಹೋಗಿರುತ್ತಾರೆ ಹೇಳಿ! ಮಲ್ಲಿಗೆಗೆ ಹೆಸರಾದ ಹಡಗಲಿಯ ಮಗಳಾದ ಅತ್ತೆ ಹಳೆಯ ಸಾಫ್ಟ್‌ವೇರಿನಲ್ಲಿ ಮಲ್ಲಿಗೆಯ ಅಂಚು ಬಿಡಿಸಿದ್ದರು. ಹೋದ ವರ್ಷ ಅವರು ತೀರಿಕೊಂಡರು. ಈ ವರ್ಷ ಅವರ ಕಂಪ್ಯೂಟರೂ ಕೆಟ್ಟಿತು. ಅಷ್ಟರಲ್ಲಿ ಮಗಳ ಲಗ್ನ ಗೊತ್ತಾಯಿತು. ಪತ್ರಿಕೆಗೆ ಆ ಮಲ್ಲಿಗೆಯೇ ಬೇಕೆಂದು ಮಾವನ ಹಟ. ಅತ್ತೆಯ ಹಳೆಯ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಮಲ್ಲಿಗೆಯ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ!

ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಬುಲಾವ್ ಬಂತು. ಹಳೆಯ ಸಾಫ್ಟ್‌ವೇರ್ ಓಡಿಸಲು ಹೊಸ ಕಂಪ್ಯೂಟರಿನೊಳಗೇ ಹಳೆಯ ಕಾಲದ್ದೊಂದನ್ನು ಸೃಷ್ಟಿಸಿದೆ. ಇದಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಮಾವ ಬಗ್ಗಿ ಮೇಜಿನ ಕೆಳಗೆ ನೋಡಿದರು.

"ಎಲ್ಲಿ ಐತಲೇ?"

"ಇದರೊಳಗ ಐತಿ ಮಾವಾ."

"ಬಾಡಿಗಿಗೆ ಅನ್ನು!" ಎಂದವರೇ ಪರದೆಗೆ ಎರಡು ಕುಂಕುಮ ಇಟ್ಟರು. ಒಂದು ಮನೆಯ ಯಜಮಾನನಿಗೆ, ಒಂದು ಬಾಡಿಗೆಯವನಿಗೆ.

ಇನ್ನು ಅವೆರಡರ ನಡುವೆ ನೆಟ್‌ವರ್ಕ್ ಜೋಡಿಸಬೇಕಿತ್ತು. ಇಲ್ಲದಿದ್ದರೆ ಒಳಗಿನ ಮಲ್ಲಿಗೆ ಹೊರಗಿನ ಪ್ರಿಂಟರಿಗೆ ಬರುವುದು ಹೇಗೆ? ಎರಡಕ್ಕೂ ಬೇರೆ ಬೇರೆ ನಂಬರಿನ ವಿಳಾಸ ಕೊಟ್ಟು, ಮಂಡಕ್ಕಿ ಮಿರ್ಚಿ ತಿಂದು ಬಂದೆ. ನೋಡಿದರೆ ಎರಡೂ ಮೂಕ! ತಲೆ ಕೆರೆದುಕೊಂಡು ಹುಡುಕಿದೆ. ಎರಡಕ್ಕೂ ಒಂದೇ ವಿಳಾಸ ಬಿದ್ದಿದೆ.

"ಮಾವಾ, ಇದನ್ನ ಮುಟ್ಟಿದಿರೇನು?"

"ತಪ್ಪು ಬರದಿದ್ದೆಲೇ, ತಿದ್ದೀನಿ. ಒಂದ ಮನ್ಯಾಗಿರೋ ಇಬ್ಬರಿಗೆ ಎರಡು ವಿಳಾಸ ಹಾಕಿದ್ರ ಮಂದಿ ಏನಂದಾರು? ಮನಿ ಒಡದೈತಿ ಅಂತಾರ!"

ಜೀವಮಾನವಿಡೀ ಪ್ರೂಫ್ ತಿದ್ದಿದ ಕೈ ಸುಮ್ಮನಿರುತ್ತದೆಯೇ? "ಒಂದ ನಂಬರ್ ಇದ್ರ ಕರದದ್ದು ಯಾರನ್ನ ಅಂತ ತಿಳಿಯಂಗಿಲ್ಲ ಮಾವಾ" ಎಂದು ಕೈಮುಗಿದು ಮತ್ತೆ ಬದಲಿಸಿದೆ. ಆಮೇಲೆ ಪಿಂಗ್ ಕೊಟ್ಟೆ. ಅಂದರೆ ಹೊರಗಿನಿಂದ ಕರೆದರೆ ಒಳಗಿನದು ಓಗೊಡುತ್ತದೆಯೋ ಎಂಬ ಪರೀಕ್ಷೆ. ಉತ್ತರವಿಲ್ಲ.

"ಸಿಟ್ಟು ಬಂದಿರಬೇಕು. ಸಮಾಧಾನ್ಲೆ ಕರಿ" ಎಂದರು ಮಾವ, ಅನುಭವಸ್ಥರು!

ಒಳಗಿನದರ ಬಾಗಿಲು ಕಾಯುವ ಫೈರ್‌ವಾಲ್ ಅಡ್ಡ ನಿಂತಿತ್ತು. ಅದನ್ನು ಸರಿಸಿ ಮತ್ತೆ ಕರೆದೆ. ಟಕಟಕನೆ ನಾಲ್ಕು ಉತ್ತರ ಬಂದವು. "ಓ ಅಂತೇನಲೇ?" ಎಂದು ಮಾವ ಮೂರು ಸಲ ಕೇಳಿದರು. ಸ್ವಲ್ಪ ಹೊತ್ತಿಗೆ ಪ್ರಿಂಟರಿನಿಂದ ಪತ್ರಿಕೆ ಹೊರಬಂತು. ಅತ್ತೆಯ ಮಲ್ಲಿಗೆ ಒಂದು ಎಸಳೂ ಕೆಡದೆ ಬಂದಿತ್ತು. ಮಾವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ತುಂಬಾ ಹೊತ್ತು ಪ್ರೂಫ್ ನೋಡಿದರು. ತಪ್ಪೇನೂ ಹೇಳಲಿಲ್ಲ.

"ಕೆಲಸ ಮುಗೀತು. ಒಳಗಿಂದು ಬಂದ್ ಮಾಡ್ಲೇನು ಮಾವಾ?"

"ಬ್ಯಾಡ, ಇರ್ಲಿ." ದನಿ ಸಣ್ಣದಾಯಿತು. "ಕರದ್ರ ಓ ಅನ್ನಾಕ ಯಾರಿಲ್ಲ ಅಂತ, ಅಕಿ ಹೋದಾಗಿಂದ ನಾ ಒಳಗ ಮುಖ ಮಾಡಿ ಕರದೇ ಇಲ್ಲಲೇ. ಹೆಂಗ ಕರಿಯೋದು, ನನಗೂ ಒಂದೀಟು ತೋರ್ಸು."

ಕುರ್ಚಿ ಬಿಟ್ಟುಕೊಟ್ಟು ತೋರಿಸಿದೆ. ಮಾವ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಉತ್ತರ ಬರುವವರೆಗೂ ಕೈಕಟ್ಟಿಕೊಂಡು ಕೂತರು.