ಹದಿನೈದು ಡಿಗ್ರಿಯ ಭಾವ

ಆಕಾಶದಲ್ಲಿ ತಮ್ಮಷ್ಟಕ್ಕೆ ಸುತ್ತುತ್ತಿರುವ ಉಪಗ್ರಹಗಳಿಗೂ ‘ನೀವು ಒಳಗೆ ಬರಬೇಡಿ’ ಎನ್ನುವ ಮನುಷ್ಯ ನಮ್ಮ ಪುತ್ತೂರು ಸೀಮೆಯಲ್ಲಿ ಒಬ್ಬರೇ ಇರುವುದು. ಅವರು ನನ್ನ ಅಕ್ಕನಿಗೇ ಗಂಡನಾಗಿ ಸಿಗಬೇಕೇ!

ಭಾವ ಖಾಸಗಿ ಸರ್ವೆಯರ್. ಅವರ ಜಿಪಿಎಸ್ ಯಂತ್ರ ಸಿಕ್ಕಿಸಿದ ಕಂಬವನ್ನು ಹಿಡಿದು ನಿಲ್ಲುವುದು ನನ್ನ ಉದ್ಯೋಗ. ದಿಗಂತದಿಂದ ಇಂತಿಷ್ಟು ಡಿಗ್ರಿಗಿಂತ ಕೆಳಗಿರುವ ಉಪಗ್ರಹಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಆ ಯಂತ್ರಕ್ಕೆ ಹೇಳಿಡಬಹುದು. ಭಾವನ ಮಿತಿ ಹದಿನೈದು. ಹದಿನಾಲ್ಕೂವರೆಯಲ್ಲಿರುವ ಉಪಗ್ರಹ ಎಷ್ಟೇ ಮರ್ಯಾದಸ್ಥನಾದರೂ ಹೊರಗೇ ನಿಲ್ಲಬೇಕು.

“ತಗ್ಗಿನಲ್ಲಿರುವವರ ಸಿಗ್ನಲ್ ಗುಡ್ಡಕ್ಕೆ, ಎಲೆಗೆ, ತಗಡಿಗೆಲ್ಲ ಬಡಿದು ಸುತ್ತಿ ಬರುದು. ಅದನ್ನು ನಂಬ್ಲಿಕ್ಕಿಲ್ಲ” ಎನ್ನುತ್ತಾರೆ. ಅಕ್ಕ ತವರಿನ ಸುದ್ದಿ ಹೇಳಿದರೂ “ನೇರ ಕೇಳಿದ್ದಾ, ಸುತ್ತಿ ಬಂದದ್ದಾ?” ಎಂದು ವಿಚಾರಿಸುವ ಜನ ಇವರು. ಅಕ್ಕ ಹೇಗೆ ಸಂಸಾರ ಮಾಡುತ್ತಾಳೋ ದೇವರೇ ಬಲ್ಲ.

ಕೈ ನೀಡಿ ಮುಷ್ಟಿ ಹಿಡಿದರೆ ಮುಷ್ಟಿಯ ಎತ್ತರ ಸುಮಾರು ಹತ್ತು ಡಿಗ್ರಿಯಂತೆ. ಹಾಗಾಗಿ ಭಾವ ಹೋದಲ್ಲೆಲ್ಲ ಗುಡ್ಡಗಳಿಗೆ ಮುಷ್ಟಿ ತೋರಿಸುತ್ತಾರೆ. ಒಮ್ಮೆ ಗುಂಡ್ಯದಲ್ಲಿ ಚಹಾ ಕುಡಿದು ರಸ್ತೆ ಬದಿಯಲ್ಲಿ ನಿಂತು ಹೀಗೆಯೇ ಅಳೆಯುತ್ತಿದ್ದಾಗ ಘಾಟಿ ಇಳಿದು ಬಂದ ಲಾರಿಯೊಂದು ಗಕ್ಕನೆ ನಿಂತಿತು.

“ಎಂತ ಮಾರಾಯ್ರೆ, ನಾನು ನಿಮಗೆ ಎಂತ ಮಾಡಿದ್ದು?” ಎನ್ನುತ್ತಾ ಚಾಲಕ ಇಳಿದ.

“ನಿಮಗಲ್ಲ, ನಿಮ್ಮ ಹಿಂದಿನ ಗುಡ್ಡಕ್ಕೆ” ಎಂದರು ಭಾವ.

ಚಾಲಕ ಗುಡ್ಡವನ್ನು ನೋಡಿದ, ಭಾವನನ್ನು ನೋಡಿದ, ಕೊನೆಗೆ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿ ಲಾರಿ ಹತ್ತಿದ.

ಇಷ್ಟೆಲ್ಲ ನಗುವ ನಾನು ಕೋಡಿಂಬಾಳದಲ್ಲಿ ಮಾಡಿದ ಘನಕಾರ್ಯವನ್ನೂ ಹೇಳಬೇಕಲ್ಲ.

ಅಲ್ಲಿ ಲೀಲಕ್ಕ ಎಂಬವರ ಜಾಗಕ್ಕೂ ನೆರೆಯ ಸೀತಾರಾಮಣ್ಣನ ರಬ್ಬರ್ ತೋಟಕ್ಕೂ ನಡುವಿನ ಗಡಿಕಲ್ಲು ಜೆಸಿಬಿಗೆ ಸಿಕ್ಕಿ ಹಾರಿಹೋಗಿತ್ತು. ಪಕ್ಕದಲ್ಲೇ ಲೀಲಕ್ಕನ ಬಾವಿ. ಅವರಿಗೆ ಬೇರೆ ನೀರಿಲ್ಲ. ಗಡಿ ಈಚೆ ಸರಿದರೆ ಬಾವಿ ಸೀತಾರಾಮಣ್ಣನ ಪಾಲು. ಅದನ್ನು ಮುಚ್ಚಿ ಜೀಪಿಗೆ ದಾರಿ ಮಾಡುವುದೆಂದು ಅವರು ಮೊದಲೇ ಸಾರಿದ್ದರು. ಭಾವ ಗೂಟ ಹೊಡೆದದ್ದೇ ಗಡಿ ಎಂದು ಇಬ್ಬರೂ ಒಪ್ಪಿದ್ದರು.

ಮೂರು ಕಡೆ ಗುಡ್ಡ, ತಲೆ ಮೇಲೆ ರಬ್ಬರ್ ಎಲೆ. ಅಳತೆ ಕೂಡಿಬಂತು ಎನ್ನಲು ಪರದೆಯಲ್ಲಿ ‘ಫಿಕ್ಸ್’ ಎಂದು ಬರಬೇಕು. ಹದಿನೈದು ದಾಟಿದ ಉಪಗ್ರಹಗಳು ಸಾಲದೆ ಅದು ಬರಲೊಲ್ಲದು. ಗಂಟೆ ಒಂದಾಯಿತು, ಎರಡಾಯಿತು. ಲೀಲಕ್ಕ ಬಾವಿಕಟ್ಟೆಯ ಮೇಲೆ ಕೈಯಿಟ್ಟು ನಿಂತವರು ಕದಲಲಿಲ್ಲ. ನನಗೋ, ಹೊಟ್ಟೆ ಚುರುಗುಟ್ಟುತ್ತಿತ್ತು. ಭಾವ ಅತ್ತ ಹೋದದ್ದೇ ತಡ, ಹದಿನೈದನ್ನು ಐದು ಮಾಡಿಬಿಟ್ಟೆ. ಎಲ್ಲಿದ್ದವೋ ಉಪಗ್ರಹಗಳು, ಮದುವೆಯ ಊಟಕ್ಕೆ ನುಗ್ಗುವಂತೆ ನುಗ್ಗಿದವು. ಫಿಕ್ಸ್!

ಭಾವ ಓಡಿಬಂದು ಪರದೆ ನೋಡುತ್ತಾ ಗೂಟ ಹೊಡೆಸಿದರು. ಗೂಟ ಬಾವಿಯ ಈಚೆ, ಒಂದೂವರೆ ಅಡಿ ಈಚೆ ಬಿತ್ತು.

ಲೀಲಕ್ಕ ಬಾವಿಕಟ್ಟೆಯ ಬುಡದಲ್ಲೇ ಕುಸಿದು ಕುಳಿತರು. ಸೀತಾರಾಮಣ್ಣ ಕಲ್ಲು ತರಿಸಲು ಫೋನು ತೆಗೆದರು. ನಾನೇ ಮಾಡಿದ್ದು ಎನ್ನಬೇಕು. ಕಂಬದ ತುದಿಗೆ ಅಂಟಿದ ಮಣ್ಣು ಒರೆಸುತ್ತಾ ನಿಂತೆ. ಭಾವ ಉಪಗ್ರಹಗಳ ಪಟ್ಟಿ ತೆರೆದರು. ಅವರ ಬೆರಳು ಎಂಟು ಡಿಗ್ರಿಯವನೊಬ್ಬನ ಮೇಲೆ ನಿಂತಿತು. ತಲೆಯೆತ್ತಿ ನನ್ನ ಮುಖ ನೋಡಿದರು.

“ಗೂಟ ಕೀಳಿ” ಎಂದರು. “ತಪ್ಪು ನನ್ನದು. ಬೆಳಿಗ್ಗೆ ಡಿಗ್ರಿ ಇಳಿಸಿದವ ಏರಿಸ್ಲಿಕ್ಕೆ ಮರೆತೆ.”

ಸೀತಾರಾಮಣ್ಣನ ಮುಖ ಕೆಂಪಾಯಿತು. “ಮರೆತದ್ದಾ, ಲೀಲಕ್ಕನ ಕಡೆಯಿಂದ ಎಂತಾದ್ರೂ ಸಿಕ್ಕಿದ್ದಾ? ಇಷ್ಟು ವರ್ಷ ಅಳೆದವರಿಗೆ ನಾಚಿಕೆ ಬೇಡವಾ?”

“ಬಯ್ಯಿ. ಆದ್ರೆ ಕಲ್ಲು ಈಗ ಬೇಡ. ಹೊತ್ತು ಹೋದ ಹಾಗೆ ಉಪಗ್ರಹಗಳು ಮೇಲೆ ಬರ್ತವೆ, ಕಾಯುವ. ಆಗಲೂ ನಿಮ್ಮ ಕಡೆಗೇ ಬಂದ್ರೆ ನಾನೇ ಕಲ್ಲು ಹೂಳಿ ಕೊಡ್ತೇನೆ.”

ಮತ್ತೆ ಎರಡು ಗಂಟೆ. ಬೈಗುಳವನ್ನೆಲ್ಲ ಭಾವ ತಲೆತಗ್ಗಿಸಿ ಕೇಳಿದರು. ನಾನು ಕಂಬ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಕೊನೆಗೂ ಹದಿನೈದು ದಾಟಿ ಸಾಕಷ್ಟು ಉಪಗ್ರಹಗಳು ಬಂದವು. ಭಾವ ಒಂದಲ್ಲ, ಮೂರು ಸಲ ಅಳೆದರು. ಮೂರು ಸಲವೂ ಗಡಿ ಬಾವಿಯ ಆಚೆಗೇ ಬಿತ್ತು, ಕಟ್ಟೆಯಿಂದ ಒಂದು ಗೇಣು ದೂರ. ಸೀತಾರಾಮಣ್ಣ ಗೊಣಗುತ್ತಲೇ ಒಪ್ಪಿದರು. ಲೀಲಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೊಡಪಾನ ಇಳಿಸಿದರು.

ವಾಪಸು ಬರುವಾಗ ಬೈಕಿನ ಹಿಂದೆ ಕುಳಿತು, “ಭಾವ, ನಾನೇ ಹೇಳಬೇಕಿತ್ತು” ಎಂದೆ.

“ಹೇಳಿದ್ರೆ ನಿನ್ನನ್ನು ಇನ್ನು ಯಾರೂ ಜಾಗಕ್ಕೆ ಹತ್ತಿಸ್ಲಿಕ್ಕಿಲ್ಲ. ನನ್ನನ್ನಾದ್ರೆ, ಅವನಿಗೆ ತಲೆ ಸರಿ ಇಲ್ಲ ಅಂತ ಬಿಟ್ಟುಬಿಡ್ತಾರೆ” ಎಂದರು ಭಾವ. ಸ್ವಲ್ಪ ದೂರ ಹೋದ ಮೇಲೆ, “ಹಸಿವಾಗಿತ್ತಲ್ಲ ನಿನಗೆ. ಕಡಬದಲ್ಲಿ ಊಟ ಮಾಡುವ” ಎಂದರು.