ನಾಲ್ಕು ಕಂಪ್ಯೂಟರ್ ಮತ್ತು ಒಂದು ಸೋಮವಾರ

ಯಂತ್ರಕ್ಕೆ ಬಿಡುವು ಬೇಡ ಎಂದು ಆಗ ಎಲ್ಲರೂ ನಂಬಿದ್ದರು. ಓದಿದವರು ಸ್ವಲ್ಪ ಹೆಚ್ಚೇ ನಂಬಿದ್ದರು. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸಿಂದಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನನ್ನ ನಂಬಿಕೆ ಎಷ್ಟಿತ್ತೆಂದು ನೀವೇ ಊಹಿಸಿಕೊಳ್ಳಿ.

ಇಂಥ ಪ್ರಸಂಗಗಳು ನನಗೇ ಯಾಕೆ ಆಗುತ್ತವೆ ಎಂದು ಬಹಳ ದಿನ ಕೇಳಿಕೊಂಡೆ. ಈಚೆಗೆ ಪ್ರಶ್ನೆಯನ್ನು ತಿದ್ದಿಕೊಂಡಿದ್ದೇನೆ: ನಾನು ಕೈ ಹಾಕಿದಲ್ಲೇ ಯಾಕೆ ಆಗುತ್ತವೆ?

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ವಿದೇಶದ ಒಂದು ವಿಶ್ವವಿದ್ಯಾಲಯದವರು ಭೂಮಿಯ ಹವಾಮಾನದ ಲೆಕ್ಕಕ್ಕೆ ಕೂತಿದ್ದರು. ಲೆಕ್ಕ ದೊಡ್ಡದು, ಅವರ ಯಂತ್ರಗಳು ಸಾಲವು. ಹಾಗಾಗಿ ಜಗತ್ತಿನವರನ್ನೆಲ್ಲ ಕೇಳಿದ್ದರು: ನಿಮ್ಮ ಮನೆಯ ಕಂಪ್ಯೂಟರ್ ಸುಮ್ಮನೆ ಕೂತಿರುವಾಗ ನಮಗೆ ಕೊಡಿ. ಒಂದು ಪ್ರೋಗ್ರಾಂ ಹಾಕಿಕೊಂಡರೆ ಆಯಿತು. ನಾವು ಕೈ ಹಚ್ಚದಿದ್ದಾಗ ಅದು ತನ್ನಷ್ಟಕ್ಕೆ ಲೆಕ್ಕ ಮಾಡುತ್ತದೆ, ಕೈ ಹಚ್ಚಿದರೆ ನಿಲ್ಲುತ್ತದೆ, ಕೈ ಬಿಟ್ಟು ಕಾಲು ತಾಸಾದ ಮೇಲೆ ಮತ್ತೆ ಹಿಡಿಯುತ್ತದೆ. 1920ರಿಂದ 2080ರ ತನಕ ಒಂದು ಭೂಮಿಯ ಗಾಳಿ, ಮಳೆ, ಬಿಸಿಲು. ಮುಗಿಯಲು ತಿಂಗಳುಗಟ್ಟಲೆ ಬೇಕು. ಮುಗಿದರೆ ಒಂದು ಪ್ರಮಾಣಪತ್ರ.

ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ. ನಮ್ಮ ಪ್ರಾಚಾರ್ಯರಿಗೆ ಇತ್ತು. ಮುಂದಿನ ವರ್ಷ ಕಾಲೇಜು ನೋಡಲು ಸಮಿತಿ ಬರುವುದಿತ್ತು. ಅವರ ಫಾರ್ಮಿನಲ್ಲಿ ‘ಸಂಶೋಧನೆ’ ಎಂಬ ಕಡೆ ನಾವು ಎಷ್ಟೋ ವರ್ಷದಿಂದ ಅಡ್ಡಗೆರೆ ಎಳೆಯುತ್ತಿದ್ದೆವು.

“ನಾಕ ತಾಲೂಕಿನಾಗ ನಾಕ ಕಂಪ್ಯೂಟರ್ ಹಚ್ಚೂಣು,” ಅಂದರು. “ಸಮಿತಿ ಬರೂದ್ರಾಗ ಮುಗೀಬೇಕು. ಆಮ್ಯಾಲ ನಿಮ್ಮ ಕಾಯಂ ವಿಚಾರ ಮಾತಾಡೂಣು. ಆಗ್ತೈತಿಲ್ಲೋ?”

“ಆಗ್ತೈತ್ರಿ ಸರ,” ಅಂದೆ. ಆರು ವರ್ಷದಿಂದ ತಾತ್ಪೂರ್ತಿಕ ನೌಕರಿಯಲ್ಲಿದ್ದವನ ಸಂಶಯಕ್ಕೆ ಅಷ್ಟೇ ಆಯುಷ್ಯ.

ಒಂದು ನನ್ನ ಮನೆಯಲ್ಲಿ. ಉಳಿದ ಮೂರು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಂಟರ ಮನೆಗಳಲ್ಲಿ. ಇಂಗ್ಲಿಷಿನಲ್ಲಿದ್ದ ಸೂಚನೆಗಳನ್ನು ಒಂದು ಮಧ್ಯಾಹ್ನ ಕೂತು, ಆಕಳಿಸುತ್ತ, ಕನ್ನಡಕ್ಕೆ ಇಳಿಸಿ ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿ ಹಂಚಿದೆ. ಅವುಗಳನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ಅಂದಾಜು.

೧. ತಂಪು

ಇಂಡಿಯವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಲಿಂಬಿಕಾಯಿ ವ್ಯಾಪಾರಿ. ಅವನ ಪಡಸಾಲೆಯಲ್ಲಿ ಪರದೆಯ ಮೇಲೆ ಭೂಮಿ ತಿರುಗುತ್ತಿತ್ತು, ಅದರ ಮೇಲೆ ಬಿಳಿ ಮೋಡ. ಬಂದವರು ಚಪ್ಪಲಿ ಬಿಟ್ಟು ನೋಡುತ್ತಿದ್ದರು. ನಾನು ಹೋದ ದಿನ ನೆರೆಮನೆಯ ಹಿರಿಯರೊಬ್ಬರು ಕೂತಿದ್ದರು.

“ಮಳಿ ಯಾವಾಗ ಬರ್ತೈತಿ, ಹೇಳ್ತೈತೇನ್ರಿ ಇದು?”

“ಹಂಗ ಹೇಳೂದಿಲ್ರಿ. ಒಟ್ಟು ಹವಾಮಾನದ ಲೆಕ್ಕ ಮಾಡ್ತೈತಿ.”

“ಈಗ ಯಾವ ಇಸ್ವಿದು ಮಾಡಾಕತ್ತೈತಿ?”

ಪರದೆಯ ಮೂಲೆ ನೋಡಿದೆ. “ಹತ್ತೊಂಬತ್ತುನೂರಾ ಮೂವತ್ತೊಂದು.”

ಅವರು ಎದ್ದು ರುಮಾಲು ಸರಿಮಾಡಿಕೊಂಡರು. “ಆ ವರ್ಷದ ಮಳಿ ನಮ್ಮಪ್ಪಗ ಗೊತ್ತಿತ್ತು. ಕರೆಂಟ್ ಇಲ್ಲದ ಹೇಳ್ತಿದ್ದ.”

ಹಿಂದಿನದನ್ನು ಸರಿಯಾಗಿ ಹೇಳಿದರೆ ತಾನೆ ಮುಂದಿನದನ್ನು ನಂಬಬಹುದು ಎಂದು ವಿವರಿಸಲು ನಾನು ಬಾಯಿ ತೆರೆದೆ. ಅವರು ಅಷ್ಟರಲ್ಲಿ ಬಾಗಿಲು ದಾಟಿದ್ದರು.

ಬೇಸಿಗೆ ಬಂತು. ಷಡ್ಡಕನ ಫೋನೂ ಬಂತು.

“ಸರ, ಪೆಟ್ಟಿಗಿ ಭಾಳ ಕಾಯಾಕತ್ತೈತ್ರಿ.”

“ತಂಪಾಗಿ ಇಡಪ್ಪ,” ಅಂದೆ. ತರಗತಿಗೆ ಹೊತ್ತಾಗಿತ್ತು.

ಎಂಟು ದಿನಕ್ಕೆ ಮತ್ತೆ ಫೋನ್. “ಸರ, ತಂಪೇನೋ ಆಗೈತ್ರಿ. ಆದ್ರ ಏನೂ ಮಾತಾಡವಲ್ದು.”

ಹೋಗಿ ನೋಡಿದೆ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಹಸಿ ಗೋಣಿತಟ್ಟು ಹೊದಿಸಿತ್ತು. ಎರಡು ತಾಸಿಗೊಮ್ಮೆ ನೀರು ಚಿಮುಕಿಸುವುದನ್ನು ಅವನು ಒಂದು ದಿನವೂ ತಪ್ಪಿಸಿರಲಿಲ್ಲ.

“ಲಿಂಬಿಕಾಯಿಗಿ ಹಿಂಗ ಹೊಚ್ತೀವ್ರಿ ಸರ. ಇಡೀ ಇಂಡ್ಯಾಗ ನನ್ನ ಮಾಲು ಬಾಡಿದ್ದು ತೋರಿಸ್ರಿ ನೋಡೂಣು.”

“ನಾ ಕೊಟ್ಟ ಹಾಳಿ ಎಲ್ಲಿ?”

“ತಕ್ಕಡಿ ಕೆಳಗೈತ್ರಿ. ಒಂದ ಕಡಿ ಇಳೀತಿತ್ತು. ಈಗ ಸಮ ಬಂದೈತಿ.”

ಪೆಟ್ಟಿಗೆ ಎತ್ತಿದೆ. ಮೂಲೆಯಿಂದ ನೀರು ಸುರಿಯಿತು. ಆ ಭೂಮಿಗೆ ಕೊನೆಯ ಮಳೆ ಆದದ್ದು ಇಂಡಿಯಲ್ಲಿ.

೨. ಹಾಜರಿ ಪುಸ್ತಕ

ಮುದ್ದೇಬಿಹಾಳದಲ್ಲಿ ನನ್ನ ಅಕ್ಕ. ಕನ್ನಡ ಸಾಲಿಯ ಹೆಡ್‌ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿ. ಹಿಡಿದ ಕೆಲಸ ಬಿಡುವವಳಲ್ಲ. ನಾಲ್ವರಲ್ಲಿ ಇವಳದು ಖಂಡಿತ ಮುಗಿಯುತ್ತದೆ ಎಂದು ಪ್ರಾಚಾರ್ಯರಿಗೆ ಬರೆದು ಕೊಟ್ಟಿದ್ದೆ.

ಐದು ತಿಂಗಳಿಗೆ ಹೋದೆ. ಗೋಡೆಯ ಮೇಲೆ ಡ್ರಾಯಿಂಗ್ ಹಾಳೆಯಲ್ಲಿ ವೇಳಾಪತ್ರಿಕೆ. ಬೆಳಿಗ್ಗೆ ಅಕ್ಕ, ಮಧ್ಯಾಹ್ನ ಅವಳ ಅತ್ತೆ, ಸಂಜೆ ಭಾವ, ರಾತ್ರಿ ಬಂದ್. ಪಕ್ಕದಲ್ಲಿ ರೂಲು ಎಳೆದ ಒಂದು ರಿಜಿಸ್ಟರ್. ಪ್ರತಿ ಹತ್ತು ನಿಮಿಷಕ್ಕೆ ಒಂದು ಸಹಿ. ಅತ್ತೆಯದು ಹೆಬ್ಬೆಟ್ಟು.

“ಇದೇನವಾ?”

“ಸ್ವಲ್ಪ ಹೊತ್ತು ಬಿಟ್ರ ಪರದೆ ಕಪ್ಪಾಗ್ತೈತೋ ತಮ್ಮಾ. ನಿಂತ ಬಿಡ್ತೈತಿ. ಅದಕ್ಕ ಹತ್ತ ನಿಮಿಷಕ್ಕೊಮ್ಮೆ ಆ ಇಲಿ ಅಲ್ಲಾಡಿಸ್ತೀವಿ. ನಮ್ಮತ್ತಿಯಾರಂತೂ ಪೂಜಿ ಅರ್ಧಕ್ಕ ಬಿಟ್ಟು ಬಂದು ಅಲ್ಲಾಡಿಸ್ತಾರ.”

ಅತ್ತೆ ದೇವರಮನೆಯಿಂದ ಹೇಳಿದರು: “ನಮ್ಮ ಮನ್ಯಾಗ ಕೂತು ದುಡ್ಯಾಕತ್ತೈತಿ, ಆಗಾಗ ಮಾತಾಡ್ಸೂದು ಬ್ಯಾಡೇನಪಾ?”

ಕೈ ಹಚ್ಚಿದರೆ ನಿಲ್ಲುವ ಯಂತ್ರ. ಮೂವರು ಪಾಳಿಯ ಮೇಲೆ ಐದು ತಿಂಗಳು ಅದಕ್ಕೆ ಕೈ ಹಚ್ಚಿದ್ದರು. ಪರದೆ ಕಪ್ಪಾಗುವುದು ಸಹಜ, ಒಳಗೆ ಕೆಲಸ ನಡೆದಿರುತ್ತದೆ ಎಂದು ಹಾಳೆಯಲ್ಲಿ ಬರೆದಿದ್ದೆ, ಬಾಯಲ್ಲಿ ಹೇಳಿರಲಿಲ್ಲ.

“ನನ್ನ ಹಾಳಿ ಓದಲಿಲ್ಲೇನು?”

“ಫೈಲಿಗೆ ಹಾಕೀನಿ,” ಅಂದಳು ಅಕ್ಕ. “ಆವಕ ನಂಬರ್ ಸುದ್ದಾ ಹಾಕೀನಿ.”

ಲೆಕ್ಕ ಎಲ್ಲಿಗೆ ಬಂದಿದೆ ನೋಡಿದೆ. 1920ರ ಜನವರಿ ಹನ್ನೊಂದು. ಐದು ತಿಂಗಳ ರಿಜಿಸ್ಟರಿನಲ್ಲಿ ಒಂದೂ ಗೈರುಹಾಜರಿ ಇರಲಿಲ್ಲ, ಕಂಪ್ಯೂಟರಿನದೊಂದನ್ನು ಬಿಟ್ಟರೆ.

೩. ಎತ್ತಿನ ಲೆಕ್ಕ

ಬಸವನ ಬಾಗೇವಾಡಿಯವರು ಹೆಂಡತಿಯ ಸೋದರಮಾವ, ನಿವೃತ್ತ ಮಾಸ್ತರು. ಗೊಳಸಂಗಿಯಲ್ಲಿ ಹೊಲ, ಬಾಗೇವಾಡಿಯಲ್ಲಿ ಮನೆ. ನಾನು ಹೋದದ್ದು ಒಂದು ಸೋಮವಾರ. ಕಂಪ್ಯೂಟರ್ ಆರಿತ್ತು. ಅದರ ಹಣೆಗೆ, ಹಣೆ ಎನ್ನಬಹುದಾದ ಜಾಗಕ್ಕೆ, ಮೂರು ಬೆರಳಿನ ವಿಭೂತಿ. ಹಿಂಬದಿಯ ಜಾಳಿಗೆಯ ಧೂಳನ್ನು ಮಾವ ಹಳೆಯ ಧೋತರದ ತುಂಡಿನಿಂದ ಒರೆಸುತ್ತಿದ್ದರು.

“ಮಾವಾರ, ಕರೆಂಟ್ ಐತಲ್ರಿ? ಯಾಕ ಆರಿಸೀರಿ?”

“ಇವತ್ತು ಸೋಮವಾರ ಅಲ್ರಿ ಅಳಿಯಂದಿರ.”

“ಸೋಮವಾರ ಆದ್ರ?”

ಅವರು ನನ್ನನ್ನು ನೋಡಿದ ರೀತಿಯಲ್ಲಿ ಸ್ವಲ್ಪ ಕನಿಕರವಿತ್ತು. “ಸೋಮವಾರ ನಾವು ಎತ್ತು ಹೂಡೂದಿಲ್ಲ. ಆರು ದಿನ ದುಡದೈತಿ, ಒಂದಿನ ಬಿಡುವು. ಆದಿತ್ಯವಾರ ಸಂಜಿಗಿ ನಿಲ್ಲಸ್ತೇನಿ, ಮಂಗಳವಾರ ಮುಂಜಾನಿ ಹೂಡ್ತೇನಿ.”

ಹೂಡುತ್ತಾರಂತೆ. ಎಂ.ಎಸ್ಸಿ. ಎದ್ದು ನಿಂತಿತು. ಎತ್ತಿಗೆ ಸ್ನಾಯು ಇದೆ, ಕಂಪ್ಯೂಟರಿಗೆ ಇಲ್ಲ. ಏಳರಲ್ಲಿ ಒಂದು ದಿನ ಹೋದರೆ ಕೆಲಸದಲ್ಲಿ ಏಳನೆಯ ಒಂದು ಪಾಲು ಹೋಯಿತು. ಯಂತ್ರಕ್ಕೆ ದಣಿವಿಲ್ಲ ಎಂದೇ ಅದನ್ನು ಯಂತ್ರ ಎನ್ನುವುದು. ಅವರು ಚಹಾ ಆರುವ ತನಕ ಕೇಳಿದರು.

“ಅಲ್ರಿ, ನೀವು ಕೊಟ್ಟ ಹಾಳ್ಯಾಗ…”

“ಹಾಳಿ ಬಿಡ್ರಿ ಮಾವಾರ, ನಾ ಹೇಳೂದು ಕೇಳ್ರಿ.”

ಅವರು ಬಿಟ್ಟರು. ಗೋಡೆಯ ಮಾಡದಲ್ಲಿ ಸಿಡಿಗಳ ಸಾಲಿತ್ತು. ಪ್ರತಿಯೊಂದರ ಮೇಲೂ ‘ಸೋಮವಾರ’ ಎಂದು ದುಂಡಗೆ ಬರೆದು ತಾರೀಖು ಹಾಕಿದ್ದರು. ಭಜನೆಯವು ಇರಬೇಕು ಎಂದುಕೊಂಡೆ. ಕೇಳಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನು ಅಭಿನಯಿಸಿ ತೋರಿಸಿದೆ. ಮಾವನ ಧ್ವನಿ, ಧೋತರದ ತುಂಡು, ‘ಮಂಗಳವಾರ ಹೂಡ್ತೇನಿ’, ಎಲ್ಲ. ಇಂಗ್ಲಿಷ್ ವಿಭಾಗದವರು ಕಣ್ಣೀರು ಒರೆಸಿಕೊಂಡು, “ಇನ್ನೊಮ್ಮೆ ಮಾಡ್ರಿ,” ಅಂದರು. ಮಾಡಿದೆ. ಆ ವರ್ಷ ಒಟ್ಟು ಎಂಟು ಸಲ ಮಾಡಿದ್ದೇನೆ.

೪. ಶೇಂಗಾ ಹಿಂಡಿ

ಉಳಿದದ್ದು ನನ್ನದು. ನಾಲ್ಕರಲ್ಲಿ ಇದೇ ಹಳೆಯದು, ನಿಧಾನದ್ದು. ಇನ್ವರ್ಟರ್ ಹಾಕಿಸಿದೆ. ಕರೆಂಟ್ ಹೋದಾಗ ಆ ಇನ್ವರ್ಟರಿನ ಮೇಲೆ ಕಂಪ್ಯೂಟರ್ ಬಿಟ್ಟು ಬೇರೇನೂ ನಡೆಯಬಾರದು ಎಂದು ಮನೆಯಲ್ಲಿ ಕಾನೂನು ಮಾಡಿದೆ. ಎಂಟು ತಿಂಗಳು ಹೆಂಡತಿ ಕರೆಂಟ್ ಇಲ್ಲದಾಗ ಮಿಕ್ಸರ್ ಮುಟ್ಟಲಿಲ್ಲ. ನನ್ನ ಭೂಮಿ ಒಂದು ದಿನವೂ ನಿಲ್ಲದೆ 2069ಕ್ಕೆ ಬಂತು.

ಸಮಿತಿ ಬರಲು ಮೂರು ವಾರವಿತ್ತು. ಪ್ರಾಚಾರ್ಯರು ಕಣ್ಣಾರೆ ನೋಡಬೇಕೆಂದರು. ಊಟಕ್ಕೇ ಕರೆದೆ. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಭೂಮಿ ಇನ್ವರ್ಟರಿನ ಮೇಲೆ ತಿರುಗುತ್ತಿತ್ತು. ರೊಟ್ಟಿ, ಎಣ್ಣೆಗಾಯಿ ಬಡಿಸಿದ್ದಾಯಿತು.

“ಶೇಂಗಾ ಹಿಂಡಿ ಇದ್ರ ಛಲೋ ಇತ್ತು,” ಅಂದರು ಪ್ರಾಚಾರ್ಯರು.

ಆ ಚಟ್ನಿಪುಡಿಗಾಗಿ ಅಡುಗೆಮನೆಗೆ ಓಡಿದೆ. ಹೆಂಡತಿ ಹುರಿದ ಶೇಂಗಾ ಒರಳಿಗೆ ಹಾಕುತ್ತಿದ್ದಳು. “ಹತ್ತ ನಿಮಿಷ ನಿಂದರ್ರಿ, ಕುಟ್ಟಿ ಕೊಡ್ತೇನಿ.”

“ಹತ್ತ ನಿಮಿಷ ಯಾರು ಕೂಡ್ತಾರ? ತಾ ಇಲ್ಲಿ,” ಎಂದು ಶೇಂಗಾ ಮಿಕ್ಸರಿಗೆ ಸುರಿದು ಗುಂಡಿ ಒತ್ತಿದೆ.

ಮಿಕ್ಸರ್ ಒಮ್ಮೆ ನರಳಿತು. ಇನ್ವರ್ಟರ್ ಒಮ್ಮೆ ನರಳಿತು. ಪಡಸಾಲೆಯಲ್ಲಿ ಪ್ರಾಚಾರ್ಯರ ಮುಂದೆ ಭೂಮಿ ನಿಂತಿತು. ಕರೆಂಟ್ ಬಂದ ಮೇಲೆ ಚಾಲೂ ಮಾಡಿದರೆ ಫೈಲು ಕೆಟ್ಟಿದೆ ಎಂದು ಹೇಳಿ, ಮೂಲೆಯಲ್ಲಿ 1920 ತೋರಿಸಿತು.

“ಏನಾತು?” ಅಂದರು ಅವರು.

“ಮನ್ಯಾಗ ಮಿಕ್ಸರ್ ಹಚ್ಚಿದ್ರು ಸರ,” ಅಂದೆ. ಹಚ್ಚಿದೆ ಎನ್ನಬೇಕಾದಲ್ಲಿ ಹಚ್ಚಿದ್ರು ಎಂದು ಬಂತು. ಬಂತು ಅನ್ನುವುದೂ ಸುಳ್ಳು, ನಾನೇ ತಂದದ್ದು.

ಹೆಂಡತಿ ಕುಟ್ಟಿದ ಹಿಂಡಿ ಹಿಡಿದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. “ಹೌದ್ರಿ ಸರ, ನಂದ ತಪ್ಪು,” ಅಂದಳು. “ಗುಂಡಿ ಯಾರು ಒತ್ತಿದ್ರು ಅಂತ ನಾ ಏನೂ ಹೇಳೂದಿಲ್ಲ. ನೀವು ಹಿಂಡಿ ಉಣ್ರಿ.”

೫. ಮುಂದಿನ ಸಾಲು

ಸಮಿತಿ ಬಂತು. ಪ್ರಾಚಾರ್ಯರು ನಾಲ್ಕೂ ಮನೆಯವರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಷಡ್ಡಕ ಒಂದು ಚೀಲ ಲಿಂಬಿಕಾಯಿ ತಂದಿದ್ದ. ಅಕ್ಕ ರಿಜಿಸ್ಟರ್ ತಂದಿದ್ದಳು. ಮಾವ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರದು ಎಲ್ಲಿಗೆ ಬಂತೆಂದು ನಾನು ಕೇಳಿರಲೇ ಇಲ್ಲ. ಏಳನೆಯ ಒಂದು ಪಾಲು ಕಳೆಯಲು ನನಗೆ ಬರುತ್ತಿತ್ತು.

ಸಮಿತಿಯ ಹಿರಿಯ ಸದಸ್ಯೆ ಫಾರ್ಮಿನಿಂದ ತಲೆ ಎತ್ತಿದರು. “ನಾಲ್ಕರಲ್ಲಿ ಎಷ್ಟು ಮುಗಿದಿವೆ?”

ಪ್ರಾಚಾರ್ಯರು ನನ್ನನ್ನು ನೋಡಿದರು. ‘ಕಾರ್ಯ ಪ್ರಗತಿಯಲ್ಲಿದೆ’ ಎಂಬ ವಾಕ್ಯ ನನ್ನ ಬಾಯಲ್ಲಿ ಸಿದ್ಧವಿತ್ತು.

“ನಮ್ಮದೊಂದು ಮುಗದೈತ್ರಿ,” ಎಂದು ಮಾವ ಎದ್ದರು. ಕೈಚೀಲದಿಂದ ಪ್ರಮಾಣಪತ್ರದ ಪ್ರಿಂಟು ತೆಗೆದರು. ಅದರ ಮೂಲೆಯಲ್ಲೂ ವಿಭೂತಿ ಇತ್ತು.

ಆಕೆ ಎರಡು ಸಲ ಓದಿದರು. “2080ರ ತನಕ! ಇಲ್ಲಿಯ ಕರೆಂಟಿನಲ್ಲಿ? ಹೇಗೆ ಮಾಡಿದಿರಿ?”

“ಸೋಮವಾರ ಬಿಡುವು ಕೊಟ್ವಿರಿ.”

ಹಿಂದಿನ ಸಾಲಿನಲ್ಲಿ ನಮ್ಮ ಸ್ಟಾಫ್ ರೂಮು ನಕ್ಕಿತು. ನನ್ನ ಎಂಟು ಪ್ರಯೋಗಗಳ ಫಲ. ಆಕೆ ನಗಲಿಲ್ಲ.

“ನಡುವೆ ಕೆಡಲಿಲ್ಲವೇ?”

“ಮೂರು ಸಲ ಕೆಟ್ಟಿತ್ರಿ. ಸೋಮವಾರ ಧೂಳ ಒರಸಿ, ಲೆಕ್ಕ ಹೂಡದ ಬರೇ ಪೆಟ್ಟಿಗಿ ಹಚ್ಚಿ, ಅಲ್ಲಿ ತನಕದ್ದೆಲ್ಲಾ ಸಿಡಿಗಿ ಇಳಿಸಿ ಇಟ್ಟಿರ್ತಿದ್ದೆ. ಕೆಟ್ಟಾಗೊಮ್ಮೆ ಹಿಂದಿನ ಸೋಮವಾರದ್ದು ತಿರುಗಿ ಹಾಕಿದೆ. ಮತ್ತ ನಡೀತು.”

ನಗು ಅಲ್ಲಿಗೇ ನಿಂತಿತು.

“ಇದನ್ನು ನಿಮಗೆ ಹೇಳಿಕೊಟ್ಟವರು ಯಾರು?”

ಮಾವ ಕೈ ಮಾಡಿ ನನ್ನನ್ನು ತೋರಿಸಿದರು. “ನಮ್ಮ ಅಳಿಯಂದಿರು. ಎಲ್ಲಾ ಬರದು ಕೊಟ್ಟಾರ್ರಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈ ಮುಗಿದೆ. ಮುದುಕರು ದೊಡ್ಡ ಮನಸ್ಸು ಮಾಡಿ ನನ್ನ ಮಾನ ಉಳಿಸಿದರು ಎಂದುಕೊಂಡೇ ಮುಗಿದೆ. ಆ ವರ್ಷ ನನ್ನ ನೌಕರಿ ಕಾಯಂ ಆಯಿತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ: “ಮಾವಾರ, ನನ್ನ ಸಲುವಾಗಿ ಅಷ್ಟು ಮಂದಿ ಮುಂದ ಸುಳ್ಳು ಯಾಕ ಹೇಳಿದ್ರಿ?”

“ಸುಳ್ಳು?” ಅವರಿಗೆ ಅರ್ಥವಾಗಲಿಲ್ಲ. ಕೈಚೀಲದಿಂದ ನಾಲ್ಕು ಮಡಿಕೆಯ ಜೆರಾಕ್ಸ್ ಹಾಳೆ ತೆಗೆದು ಕೊಟ್ಟರು. “ಯಾವ ದಿನ ಅಂತ ಒಂದು ನೀವು ಬರದಿರಲಿಲ್ಲ. ಸೋಮವಾರ ಅಷ್ಟ ನಮ್ಮದು.”

ಬಿಚ್ಚಿ ನೋಡಿದೆ. ಏಳನೆಯ ಸೂಚನೆ: ‘ವಾರಕ್ಕೆ ಒಂದು ದಿನ ತಪ್ಪದೆ ಕೆಲಸ ನಿಲ್ಲಿಸಿ, ಅಲ್ಲಿಯ ತನಕದ ಫೈಲುಗಳ ನಕಲು ತೆಗೆದಿಡಿ.’

ಅಕ್ಷರ ನನ್ನದು.